ಎರಡು ಬ್ರೇಕಿನ ಕಾರು

ಆ ಪುಟ್ಟ ಹಳೇ ಕಾರಿಗೆ ಬೇರೆ ಕಾರುಗಳಿಗಿಲ್ಲದ ಭಾಗ್ಯವೊಂದಿತ್ತು: ಎರಡು ಕ್ಲಚ್ಚು, ಎರಡು ಬ್ರೇಕು. ಒಂದು ಜೊತೆ ಕಲಿಯುವವರಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವ ಮೇಡಂಗೆ. ಊರಿನ ಅರ್ಧ ಹೆಂಗಸರಿಗೆ ಕಾರು ಓಡಿಸಲು ಕಲಿಸಿದವಳು ಈ ಮೇಡಂ. ಕಾರು ಕೆಮ್ಮುತ್ತಿತ್ತು, ಬಾಗಿಲನ್ನು ಬೈದು ಎಳೆದರೇ ಹಾಕಿಕೊಳ್ಳುತ್ತಿತ್ತು. ಆದರೂ ಅದನ್ನು ರಿಪೇರಿಗೆಂದು ಬೇರೆಯವರ ಕೈಗೆ ಕೊಟ್ಟವಳಲ್ಲ. ಮೆಕ್ಯಾನಿಕ್ ಮನೆಯಲ್ಲೇ ಇದ್ದ, ಅವಳ ಗಂಡ. ಈಚೆಗೆ ಅವನು ಹಾಲನ್ನು ಲೋಟದ ಆಚೆ ಸುರಿಯುತ್ತಿದ್ದ. "ಕಣ್ಣು ತೋರಿಸ್ಕೊಳ್ಳಿ" ಅಂದರೆ ಮಾತು ಮರೆಸುತ್ತಿದ್ದ. ಅವಳೂ ಸುಮ್ಮನಾಗಿದ್ದಳು.

ಅವತ್ತು ಬೆಳಿಗ್ಗೆ ಅವನು ಹಿಂದಿನ ಚಕ್ರದ ಬ್ರೇಕ್ ಬಿಚ್ಚಿ ಕಟ್ಟಿ, ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು, "ಕಲ್ಲಿನ ಹಾಗಿದೆ, ಹೋಗು" ಎಂದು ಕಳಿಸಿದ್ದ.

ಕಲಿಯಲು ಬಂದವಳು ಹೊಲಿಗೆ ಅಂಗಡಿಯ ಅಕ್ಕ. ಸ್ಟೀರಿಂಗನ್ನು ಕಳ್ಳನ ಜುಟ್ಟು ಹಿಡಿದಂತೆ ಹಿಡಿಯುತ್ತಿದ್ದಳು. ಆಸ್ಪತ್ರೆಯ ಇಳಿಜಾರಿನ ಅರ್ಧಕ್ಕೆ ಬಂದಾಗ ಅವಳ ದನಿ ಒಡೆಯಿತು.

"ಮೇಡಂ, ಬ್ರೇಕ್ ಒಳಗೆ ಹೋಗ್ತಿದೆ, ಗಾಡಿ ನಿಲ್ತಿಲ್ಲ!"

ಮೇಡಂ ತನ್ನ ಬ್ರೇಕ್ ಒತ್ತಿದಳು. ಕೆಸರಿಗೆ ಕಾಲಿಟ್ಟ ಹಾಗೆ ಅದು ತಳ ಮುಟ್ಟಿತು. ಕೆಳಗೆ ಕೂಡುರಸ್ತೆ, ಅದರ ತುಂಬ ಜನ. ಅಷ್ಟರಲ್ಲಿ ಅಕ್ಕ ಗಾಬರಿಯಲ್ಲಿ ಕ್ಲಚ್ ಒತ್ತಿಬಿಟ್ಟಳು. ಎಂಜಿನ್ನಿನ ಹಿಡಿತವೂ ತಪ್ಪಿ ಕಾರು ಇನ್ನಷ್ಟು ಓಡಿತು.

"ಎರಡೂ ಕಾಲು ಮೇಲಕ್ಕೆತ್ತಿ! ಸ್ಟೀರಿಂಗ್ ನೆಟ್ಟಗೆ ಹಿಡ್ಕೊಳ್ಳಿ, ಅಷ್ಟೇ ನಿಮ್ಮ ಕೆಲಸ!"

"ಬಸ್ಸು ಅಡ್ಡ ಬಂತು ಮೇಡಂ!"

"ಬರ್ಲಿ. ನೆಟ್ಟಗೆ!"

ಮೇಡಂ ತನ್ನ ಕ್ಲಚ್ ತುಳಿದು ಎರಡನೇ ಗೇರಿಗೆ ಎಳೆದಳು. ಎಂಜಿನ್ ಕಿರುಚಿತು, ವೇಗ ತುಸು ತಗ್ಗಿತು. ಮೊದಲ ಗೇರು ಹಲ್ಲು ಕಡಿಯಿತೇ ಹೊರತು ಕೂರಲಿಲ್ಲ. ಮತ್ತೆ ತಳ್ಳಿದಳು, ಕೂತಿತು. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಎಳೆದರೆ ಕಾರು ತಿರುಗಿ ಬೀಳುತ್ತದೆಂದು ಚೂರುಚೂರೇ ಎತ್ತಿದಳು. ಬಸ್ಸಿಗೆ ಇನ್ನೇನು ಮೊಳದ ದೂರವಿದೆ ಎನ್ನುವಾಗ ಕಾರು ನಿಂತಿತು. ಬಸ್ಸಿನ ಡ್ರೈವರ್ ಕಿಟಕಿಯಿಂದ ಬಗ್ಗಿ ಬಾಯಿಗೆ ಬಂದಂತೆ ಬೈದ. ಇಬ್ಬರಿಗೂ ಒಂದಕ್ಷರ ಕೇಳಿಸಲಿಲ್ಲ.

ಫೋನ್ ಮಾಡಿದ ಮೇಲೆ ಗಂಡ ಚೀಲ ಹೊತ್ತು ಏದುಸಿರು ಬಿಡುತ್ತಾ ಬಂದ. ಬದಿಗೆ ತಳ್ಳಿದ್ದ ಕಾರಿನ ಹಿಂದಿನ ಚಕ್ರ ತಡವಿದ. ಪೈಪಿನ ಗಾಳಿ ಬಿಡುವ ಸ್ಕ್ರೂ ಸಡಿಲವಾಗಿ ಬ್ರೇಕ್ ಎಣ್ಣೆಯೆಲ್ಲ ಸೋರಿಹೋಗಿತ್ತು.

"ಬಿಗಿ ಮಾಡಿದ್ದೆ ಕಣೆ."

"ಮಾಡಿಲ್ಲ. ಆ ಅಕ್ಕ ಸಾಯ್ತಿದ್ಲು. ನಾನೂ ಸಾಯ್ತಿದ್ದೆ."

ಅವನು ರಸ್ತೆ ಬದಿಯಲ್ಲೇ ಕುಸಿದು ಕೂತ.

"ಸ್ಪ್ಯಾನರ್ ಎಲ್ಲಿ ಕೂತಿದೆ ಅಂತ್ಲೇ ಕಾಣ್ಲಿಲ್ಲ. ಅಂದಾಜಿನ ಮೇಲೆ ತಿರುಗಿಸ್ದೆ. ಹೇಳಿದ್ರೆ ನೀನು ಗಾಡೀನ ಬೇರೆ ಕಡೆ ಬಿಡ್ತೀಯ. ಆಮೇಲೆ ನಾನೇನ್ ಮಾಡ್ಲಿ?"

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಇಷ್ಟು ದಿನ ಕಂಡೂ ಕಾಣದಂತೆ ಇದ್ದುದಕ್ಕೆ ತನ್ನ ಮೇಲೂ ಸಿಟ್ಟು ಬಂತು. ಸ್ಪ್ಯಾನರ್ ಕಿತ್ತುಕೊಂಡು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಕಾರಿನಡಿ ಮಲಗಿದಳು.

"ಎಷ್ಟು ಬಿಗಿ ಮಾಡ್ಬೇಕು, ಹೇಳಿ."

"ಅದನ್ನ ಬಾಯಲ್ಲಿ ಹೇಳಕ್ಕಾಗಲ್ಲ."

"ಹಾಗಾದ್ರೆ ಕೈ ಕೊಡಿ."

ಅವನು ತೆವಳಿ ಬಂದು, ತಡಕಾಡಿ, ಅವಳ ಕೈ ಮೇಲೆ ತನ್ನ ಕೈ ಇಟ್ಟ. ಇಬ್ಬರೂ ಸೇರಿ ನಿಧಾನಕ್ಕೆ ತಿರುಗಿಸಿದರು. ಒಂದು ಕಡೆ ಅವನ ಕೈ ನಿಂತಿತು.

"ಇಷ್ಟು," ಎಂದ. "ನೆನಪಿಟ್ಕೋ."