ಕೊನೆಯ ಅಂಕದ ನಿದ್ದೆ

ಮೂರನೇ ಮಹಡಿಯ ತಂಗಿಗೆ ನಾಟಕದ ಹುಚ್ಚು ಎಂದು ಆ ಕಟ್ಟಡದವರೆಲ್ಲ ಆಡಿಕೊಳ್ಳುತ್ತಿದ್ದರು. ಮೊದಮೊದಲು ನಗುತ್ತ ಆಡಿಕೊಂಡರು, ಬರಬರುತ್ತ ಸ್ವಲ್ಪ ಹೆಮ್ಮೆಯಿಂದಲೇ ಆಡಿಕೊಂಡರು. ‘ಬೆಳಗ್ಗೆಯಿಂದ ಆಸ್ಪತ್ರೆ ಬಟ್ಟೆ ಮಡಚಿ ಮಡಚಿ ಸೊಂಟ ಬಿದ್ದುಹೋಗಿರುತ್ತೆ, ಆದ್ರೂ ಶನಿವಾರ ಬಂತು ಅಂದ್ರೆ ಪಾರ್ಕಿಗೆ ಹೊರಟೇಬಿಡ್ತಾಳೆ, ಅದೇನು ಆಸೆನೋ’ ಎನ್ನುತ್ತಿದ್ದಳು ಎರಡನೇ ಮಹಡಿಯ ದರ್ಜಿಯ ಹೆಂಡತಿ. ಕೆಳಗಿನ ಮನೆಯ ನಿವೃತ್ತ ಕಂಡಕ್ಟರು ಅವಳಿಗೆ ನಾಟಕದಮ್ಮ ಎಂದು ಹೆಸರಿಟ್ಟ. ಬಸ್ಸಿನಲ್ಲಿ ಮೂವತ್ತು ವರ್ಷ ನಿಲ್ದಾಣಗಳ ಹೆಸರು ಕೂಗಿದವನು; ಅವನು ಕೂಗಿದ ಹೆಸರು ಅಂಟಿಕೊಂಡೇ ಬಿಟ್ಟಿತು.

ನಿಜ ಹೇಳಬೇಕೆಂದರೆ ನಾಟಕದಮ್ಮ ಒಂದೇ ಒಂದು ನಾಟಕವನ್ನೂ ಪೂರ್ತಿ ನೋಡಿದವಳಲ್ಲ.

ಅವಳ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆಮನೆಯಲ್ಲಿ. ಇಸ್ತ್ರಿ ಮಾಡುವ ಬಿಸಿ ಉರುಳೆಯ ಬಾಯಿಂದ ಹಾಸಿಗೆ ಬಟ್ಟೆಗಳು ಒಂದರ ಹಿಂದೊಂದು ಹೊರಗೆ ಬರುತ್ತಿದ್ದವು. ಈ ತುದಿ ಅವಳು ಹಿಡಿದರೆ ಆ ತುದಿ ಅವಳ ಜೊತೆಗಾತಿ. ಹತ್ತಿರ ಬಂದು ಕೂಡಿಸು, ದೂರ ಸರಿದು ಎಳೆ, ಮತ್ತೆ ಹತ್ತಿರ ಬಾ, ನಾಲ್ಕು ಮಡಿಕೆ, ಮೇಲೊಂದು ಏಟು, ಪಕ್ಕಕ್ಕೆ ಇಡು. ಅಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಇಬ್ಬರೂ ದಿನಕ್ಕೆ ಸಾವಿರ ಸಲ ಎದುರುಬದುರು ನಡೆದು ಬರುತ್ತಿದ್ದರು. ‘ಮದುವೆಯಾದ ಗಂಡನೂ ಇಷ್ಟು ಸಲ ಎದುರಿಗೆ ಬಂದಿರ್ಲಿಲ್ಲ ಕಣೇ’ ಎಂದು ಜೊತೆಗಾತಿ ನಗುತ್ತಿದ್ದಳು. ಬಿಸಿಗೆ ಇಬ್ಬರ ಬೆರಳ ತುದಿಗಳೂ ನುಣ್ಣಗಾಗಿ, ನೂಲಿನ ಗಂಟು ಸಿಕ್ಕರೆ ಮಾತ್ರ ತಿಳಿಯುವ ಹಾಗಾಗಿದ್ದವು. ನಸುಕಿನ ಐದಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೆ ನಿಂತೇ ಇರಬೇಕು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಾದದ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿದಂತೆ ಉಳಿಯುತ್ತಿತ್ತು.

ಮನೆಯಲ್ಲಿ ಅಕ್ಕ. ಒಂದು ಕೋಣೆ, ಒಂದು ಒಲೆಕಟ್ಟೆ, ಒಂದು ಕಿಟಕಿ. ಗಂಡ ತೀರಿಕೊಂಡಾಗ ಒಂದು ಟ್ರಂಕು ಹಿಡಿದು ‘ಎರಡು ತಿಂಗಳ ಮಟ್ಟಿಗೆ’ ಎಂದು ಬಂದ ತಂಗಿ ಅಲ್ಲೇ ಇಪ್ಪತ್ತೆರಡು ವರ್ಷ ಕಳೆದಿದ್ದಳು. ಅಕ್ಕ ಮದುವೆಯ ಗೊಡವೆಗೆ ಹೋಗದೆ ದೂರವಾಣಿ ಕಚೇರಿಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತವಳು. ಊರಿನವರ ಮಾತನ್ನೆಲ್ಲ ಕೂಡಿಸಿ ಬಿಡಿಸಿ, ಬರೀ ದನಿ ಕೇಳಿಯೇ ಯಾರು ಅಳುತ್ತಿದ್ದಾರೆ, ಯಾರು ಅತ್ತಂತೆ ಆಡುತ್ತಿದ್ದಾರೆ ಎಂದು ಹೇಳುತ್ತಿದ್ದಳು. ನಿವೃತ್ತಿಯಾದ ಮರುವರ್ಷವೇ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಹೇಗೋ ಕೂಡಿಕೊಂಡಿತು, ಅಕ್ಕ ಮಾತ್ರ ಮತ್ತೆ ಕೆಳಗಿಳಿಯಲಿಲ್ಲ. ಅರವತ್ತೆಂಟು ಮೆಟ್ಟಿಲು. ಲಿಫ್ಟು ಎನ್ನುವುದು ಆ ಕಟ್ಟಡ ಕಟ್ಟಿದವರ ಕನಸಿನಲ್ಲೂ ಬಂದಿರಲಿಲ್ಲ.

ಬೇಸಿಗೆಯ ಎಂಟು ಶನಿವಾರ ಪಾರ್ಕಿನಲ್ಲಿ ಪುಕ್ಕಟೆ ನಾಟಕ. ಸಂಜೆ ಆರಕ್ಕೆ ಶುರು, ಎಂಟಕ್ಕೆ ಮುಕ್ತಾಯ. ಕುರ್ಚಿ ಇಲ್ಲ, ಹುಲ್ಲೇ ಗತಿ. ಬೆಳಗ್ಗೆಯೇ ಹೋಗಿ ಬಟ್ಟೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬಂದರೆ ಆ ಜಾಗ ಸಂಜೆಯವರೆಗೆ ನಿಮ್ಮದೇ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಅಕ್ಕನ ಕಿಟಕಿಗೆ ಪಾರ್ಕಿನ ಮರದ ತುದಿಗಳಷ್ಟೇ ಕಾಣುತ್ತಿದ್ದವು. ಗಾಳಿ ಈ ಕಡೆ ಬೀಸಿದರೆ ನಗುವೂ ಚಪ್ಪಾಳೆಯೂ ಕೇಳುತ್ತಿದ್ದವು, ಮಾತು ಮಾತ್ರ ಒಂದೂ ಬರುತ್ತಿರಲಿಲ್ಲ.

ಹಾಸಿಗೆ ಹಿಡಿದ ಮೊದಲ ಬೇಸಿಗೆಯಲ್ಲೇ ಅಕ್ಕ ಹೇಳಿದಳು: ‘ಪುಟ್ಟಿ, ನೀನು ಹೋಗಿ ನೋಡ್ಕೊಂಡು ಬಾ. ಬಂದು ನನಗೆ ಹೇಳು. ಜನ ಯಾಕೆ ನಗ್ತಾರೆ ಅಂತಾನಾದ್ರೂ ಗೊತ್ತಾಗಲಿ.’

ಪುಟ್ಟಿಗೆ ಆಗ ಐವತ್ತು ದಾಟಿತ್ತು. ಅವಳಿಗೆ ಬೇಕಾಗಿದ್ದುದು ನಾಟಕವಲ್ಲ, ಗೋಡೆಗೆ ಮುಖ ಮಾಡಿ ಮಲಗುವ ಒಂದು ಜಾಗ. ಆದರೆ ಅಕ್ಕ ಬಾಯಿಬಿಟ್ಟು ಏನನ್ನೂ ಕೇಳುವವಳಲ್ಲ. ಕೇಳಿದ್ದು ಇದೊಂದನ್ನೇ. ಹಾಗಾಗಿ ಶನಿವಾರ ನಸುಕಿನಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲಿ, ಆಸ್ಪತ್ರೆಯವರು ಬೇಡವೆಂದು ಕೊಟ್ಟ ನೀಲಿ ಅಂಚಿನ ಹಳೆಯ ಹಾಸಿಗೆ ಬಟ್ಟೆಯೊಂದನ್ನು ಹುಲ್ಲಿನ ಮೇಲೆ ಹಾಸಿದಳು. ಕೈಗೆ ಬಂದ ಅಭ್ಯಾಸ, ಮೂಲೆಗಳನ್ನೂ ಮಂಚಕ್ಕೆ ಸಿಕ್ಕಿಸುವಂತೆ ಮಡಚಿ ಕೆಳಗೆ ಸೇರಿಸಿಬಿಟ್ಟಳು. ಸಂಜೆ ಬಂದಾಗ ಪಕ್ಕದವರು ಕೇಳಿದರು: ‘ಯಾರಮ್ಮಾ, ರೋಗಿ ಎಲ್ಲಿ?’

ರೋಗಿ ಅವಳೇ ಆದಳು. ಮೊದಲ ಅಂಕದಲ್ಲಿ ಕೂತಿದ್ದಳು, ಎರಡನೆಯದರಲ್ಲಿ ಮೊಣಕೈ ಊರಿದಳು, ಆಮೇಲಿನದು ಗೊತ್ತಿಲ್ಲ. ಪಾರ್ಕು ಗುಡಿಸುವವಳು ಪೊರಕೆಯ ಹಿಡಿಯಿಂದ ಕಾಲು ತಟ್ಟಿ ಎಬ್ಬಿಸಿದಾಗ ವೇದಿಕೆಯೂ ಇಲ್ಲ, ಜನರೂ ಇಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತ ಅಕ್ಕನಿಗೆ ಹೇಳಲು ಒಂದು ಕೊನೆ ಹುಡುಕಿದಳು. ಮೇಲೆ ಅಕ್ಕ ದಿಂಬಿಗೆ ಒರಗಿ, ತಲೆ ಬಾಚಿಕೊಂಡು ಕಾದಿದ್ದಳು. ಮಗಳನ್ನು ಹೊರಗೆ ಹಾಕಿದ ರಾಜನ ಕಥೆಯನ್ನು ಪುಟ್ಟಿ ನೋಡಿದಷ್ಟು ಹೇಳಿದಳು.

‘ಆಮೇಲೆ? ರಾಜ ಮಗಳನ್ನ ಒಳಗೆ ಸೇರಿಸಿದನಾ?’

‘ಸೇರಿಸಿದ ಅಕ್ಕಾ.’ ಅರವತ್ತೆಂಟನೇ ಮೆಟ್ಟಿಲಲ್ಲಿ ಹುಟ್ಟಿದ ಕೊನೆ ಅದು. ‘ಸೇರಿಸಿ, ಮಂತ್ರಿಗೆ ಕಿರೀಟ ಕೊಟ್ಟು, ಅಪ್ಪ ಮಗಳು ಇಬ್ಬರೂ ಹೋಗಿ ಮಲಗಿದರು.’

ಅಲ್ಲಿಂದ ಶುರುವಾಯಿತು. ಐದು ಬೇಸಿಗೆ, ಎಂಟೆಂಟು ಶನಿವಾರ. ಮೊದಲರ್ಧ ನಾಟಕದವರದು, ಕೊನೆ ಪುಟ್ಟಿಯದು. ಕಳ್ಳ ಕದ್ದದ್ದನ್ನು ವಾಪಸ್ಸು ಇಟ್ಟು ಅದೇ ಮನೆಯ ಜಗುಲಿಯಲ್ಲಿ ಮಲಗಿದ. ಜಗಳವಾಡಿದ ಅಣ್ಣತಮ್ಮಂದಿರು ಒಂದೇ ಕಂಬಳಿ ಹೊದ್ದರು. ಯುದ್ಧ ನಿಂತು ಸೈನಿಕರೆಲ್ಲ ಮರದ ಕೆಳಗೆ ಒರಗಿದರು. ಭಾನುವಾರದಿಂದ ಶುಕ್ರವಾರದವರೆಗೆ ಅಕ್ಕ ಅದನ್ನೇ ಮೆಲುಕು ಹಾಕುತ್ತಿದ್ದಳು, ಬಂದವರಿಗೆಲ್ಲ ಹೇಳುತ್ತಿದ್ದಳು. ಅದಕ್ಕೇ ಪುಟ್ಟಿಗೆ ಭಯ. ಅಕ್ಕನಿಗೆ ಈಗ ಉಳಿದಿರುವುದು ಈ ಕಥೆಯೊಂದೇ, ಅದೂ ಸುಳ್ಳು ಎಂದು ತಿಳಿದುಬಿಟ್ಟರೆ ಮುಂದಿನ ವಾರ ಏನೆಂದು ಹೇಳುವುದು? ನಿದ್ದೆ ಬಾರದಿರಲೆಂದು ಅವಳು ತಣ್ಣೀರು ಕುಡಿದು ನೋಡಿದಳು, ತೊಡೆ ಚಿವುಟಿಕೊಂಡು ನೋಡಿದಳು. ಮೈ ಕೇಳಲಿಲ್ಲ.

ಐದನೆಯ ಬೇಸಿಗೆಯ ಏಳನೇ ಶನಿವಾರ ಕಂಡಕ್ಟರೂ ಪಾರ್ಕಿಗೆ ಹೋದ. ಭಾನುವಾರ ಬೆಳಗ್ಗೆ ಎಂದಿನಂತೆ ಓದಿ ಮುಗಿಸಿದ ಪೇಪರನ್ನು ಅಕ್ಕನಿಗೆ ಕೊಡಲು ಮೇಲೆ ಬಂದು, ಬಾಗಿಲಲ್ಲೇ ಕಥೆ ತೆಗೆದ.

‘ನೋಡಿ ದೊಡ್ಡಮ್ಮಾ, ಆ ದೋಣಿಯವನು ಕೊನೆಗೆ ದೋಣಿಗೆ ಬೆಂಕಿ ಇಟ್ಟುಬಿಟ್ಟನಲ್ಲ. ನನ್ನ ಮೈ ಜುಂ ಅಂತು.’

ಒಲೆಯ ಮುಂದಿದ್ದ ಪುಟ್ಟಿಯ ಕೈಯಲ್ಲಿ ಸೌಟು ನಿಂತಿತು. ಹಿಂದಿನ ದಿನ ಅವಳು ಹೇಳಿದ್ದು ಬೇರೆ: ದೋಣಿಯವನು ದೋಣಿಯನ್ನು ದಡಕ್ಕೆ ಕಟ್ಟಿ, ಅದರೊಳಗೇ ಕಾಲು ಚಾಚಿ ಮಲಗಿದ.

‘ಬೆಂಕಿ ಇಟ್ಟ, ಹೌದು, ಪುಟ್ಟಿ ಹೇಳಿದಳು’ ಎಂದಳು ಅಕ್ಕ, ದನಿಯಲ್ಲಿ ಒಂದು ಕೂದಲೆಳೆಯಷ್ಟೂ ಏರುಪೇರಿಲ್ಲದೆ. ‘ನಿಮ್ಮ ಮೊಣಕಾಲು ನೋವು ಹೇಗಿದೆ?’

ಕಂಡಕ್ಟರು ಮೊಣಕಾಲಿನ ಕಥೆ ಹೇಳಿ ಇಳಿದುಹೋದ.

‘ಯಾವಾಗಿಂದ ಗೊತ್ತು?’ ತಿರುಗಿ ನೋಡದೆ ಕೇಳಿದಳು ಪುಟ್ಟಿ.

‘ಮೊದಲನೇ ಶನಿವಾರದಿಂದ. ಚಪ್ಪಾಳೆ ಕೇಳಿಸುತ್ತಲ್ಲೇ ನನಗೆ. ಪಾರ್ಕಿಂದ ಇಲ್ಲಿಗೆ ಹತ್ತು ನಿಮಿಷದ ದಾರಿ. ನೀನು ಬರೋದು ಚಪ್ಪಾಳೆ ಆಗಿ ಮುಕ್ಕಾಲು ಗಂಟೆಗೆ, ಕೆನ್ನೆ ಮೇಲೆ ಹುಲ್ಲಿನ ಗೀರು ಬೇರೆ. ಮತ್ತೆ ನಿನ್ನ ನಾಟಕದಲ್ಲಿ ಕೊಲೆಗಾರನಿಂದ ಹಿಡಿದು ಕುದುರೆವರೆಗೂ ಎಲ್ಲರೂ ಕೊನೆಗೆ ಹೋಗಿ ಮಲಗ್ತಾರೆ. ಅಂಥ ನಾಟಕ ಎಲ್ಲಾದ್ರೂ ಉಂಟಾ?’

ಪುಟ್ಟಿ ಸೌಟು ಕೆಳಗಿಟ್ಟಳು. ‘ಗೊತ್ತಿದ್ದೂ ಯಾಕೆ ಕಳಿಸ್ತಿದ್ದೆ?’

‘ಮನೇಲಿ ನೀನು ಮಲಗ್ತೀಯಾ? ನಾನು ಮಗ್ಗುಲಾದ್ರೆ ಎದ್ದು ಕೂರ್ತೀಯ. ಅಲ್ಲಾದ್ರೂ ಎರಡು ಗಂಟೆ ಬಿದ್ದಿರಲಿ ಅಂತ.’ ಅಕ್ಕ ಹೊದಿಕೆಯ ಅಂಚನ್ನು ಬೆರಳಲ್ಲಿ ತೀಡಿದಳು. ‘ಅದೊಂದೇ ಅಲ್ಲ. ನೀನಿದ್ರೆ ನನಗೆ ನರಳೋಕೂ ಆಗಲ್ಲ ಕಣೇ. ಶನಿವಾರ ಸಂಜೆ ಬಾಯಿ ತುಂಬ ನರಳ್ತೀನಿ. ಬಾಗಿಲು ಹಾಕ್ಕೊಂಡು, ಯಾರ ಹಂಗೂ ಇಲ್ದೆ. ವಾರಕ್ಕೆ ಸಾಕಾಗುತ್ತೆ.’

ಐದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ನಾಟಕ ಆಡಿದ್ದರು. ಪುಟ್ಟಿ ಒಲೆ ಆರಿಸಿ ಬಂದು ಮಂಚದ ತುದಿಯಲ್ಲಿ ಕೂತಳು. ಬೇಜಾರು, ನಾಚಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಸುಸ್ತು.

‘ಒಂದು ಸಲ, ನಿಜವಾದ್ದನ್ನ ನೋಡ್ಕೊಂಡು ಬಂದು ಹೇಳು’ ಎಂದಳು ಅಕ್ಕ. ‘ಮುಂದಿನ ವಾರ ಕೊನೇದು. ಬರೋ ಬೇಸಿಗೆಗೆ ನಾನೆಲ್ಲಿ ಇರ್ತೀನೋ.’

ಆ ಒಂದು ವಾರ ಪುಟ್ಟಿಗೆ ಅದೇ ಧ್ಯಾನ. ಬಟ್ಟೆಮನೆಯಲ್ಲಿ ಜೊತೆಗಾತಿಗೆ ಹೇಳಿದಳು. ಜೊತೆಗಾತಿ ಯೋಚಿಸಿ ಹೇಳಿದಳು: ‘ನೀನು ಕೂತ್ರೆ ತಾನೇ ಮಲಗೋದು? ನಿಂತ್ಕೋ. ನಿಂತು ಮಲಗೋದಾಗಿದ್ರೆ ಇಷ್ಟೊತ್ತಿಗೆ ನಾವಿಬ್ಬರೂ ಉರುಳೆ ಒಳಗೆ ಹೋಗಿ ಚಪ್ಪಟೆ ಆಗಿರ್ತಿದ್ವಿ.’

ಹಾಗೇ ಮಾಡಿದಳು. ಬೆಳಗ್ಗೆ ಬಟ್ಟೆ ಹಾಸಲೇ ಇಲ್ಲ. ಸಂಜೆ ಎಲ್ಲರ ಹಿಂದೆ, ನೀರಿನ ನಲ್ಲಿಯ ಪಕ್ಕದಲ್ಲಿ ನಿಂತಳು. ಕಣ್ಣು ಎಳೆದಾಗಲೆಲ್ಲ ಕಂಕುಳಲ್ಲಿದ್ದ ನೀಲಿ ಅಂಚಿನ ಬಟ್ಟೆಯನ್ನು ಬಿಚ್ಚಿ ಮಡಚಿದಳು, ಮತ್ತೆ ಬಿಚ್ಚಿದಳು. ಆ ತುದಿ ಹಿಡಿಯುವವರಿಲ್ಲದೆ ಬಟ್ಟೆ ನೆಲಕ್ಕೆ ತಾಗುತ್ತಿತ್ತು. ಮುಂದೆ ಕೂತ ಮುದುಕನೊಬ್ಬ ಎರಡು ಸಲ ತಿರುಗಿ ನೋಡಿ ಜಾಗ ಬದಲಾಯಿಸಿದ. ನಾಟಕದಲ್ಲಿ ಒಬ್ಬಳು ತಾಯಿ. ಮನೆ ಬಿಟ್ಟು ಹೋಗಬೇಕೆಂದು ಟ್ರಂಕು ಕಟ್ಟಿಟ್ಟುಕೊಂಡು ಗಾಡಿಗೆ ಕಾಯುತ್ತಾಳೆ. ಮಕ್ಕಳು ಬಂದು ಜಗಳವಾಡುತ್ತಾರೆ, ಹೋಗುತ್ತಾರೆ. ಗಾಡಿ ಬರುವುದಿಲ್ಲ, ಬರುವುದಿಲ್ಲ, ಕಡೆಗೆ ಬರುತ್ತದೆ. ಅವಳು ಎದ್ದು ನಿಂತು, ಕೋಣೆಯನ್ನೊಮ್ಮೆ ನೋಡಿ, ಮತ್ತೆ ಟ್ರಂಕಿನ ಮೇಲೆ ಕೂತು ‘ಇನ್ನೊಂದು ಸ್ವಲ್ಪ ಹೊತ್ತು’ ಅನ್ನುತ್ತಾಳೆ. ದೀಪ ಆರುತ್ತದೆ.

ಚಪ್ಪಾಳೆ ಬಿತ್ತು. ಪುಟ್ಟಿ ಚಪ್ಪಾಳೆ ತಟ್ಟಲೂ ನಿಲ್ಲದೆ ನಡೆದಳು. ಹತ್ತು ನಿಮಿಷದ ದಾರಿಯನ್ನು ಎಂಟರಲ್ಲಿ ಮುಗಿಸಿ, ಉಸಿರು ಬಿಡುತ್ತ ಮಂಚದ ಪಕ್ಕ ಕೂತು, ಒಂದೂ ಬಿಡದೆ ಹೇಳಿದಳು. ಅಕ್ಕ ಕಣ್ಣು ಮುಚ್ಚಿ ಕಿವಿಗೊಟ್ಟು ಕೇಳಿದಳು, ಹಿಂದೆ ಕಚೇರಿಯಲ್ಲಿ ಕೇಳುತ್ತಿದ್ದ ಹಾಗೆ.

‘ಮತ್ತೆ ಹೋದಳೋ, ಇಲ್ಲವೋ?’

‘ಗೊತ್ತಿಲ್ಲ. ದೀಪ ಆರಿತು.’

‘ಗೊತ್ತಿಲ್ಲ ಅಂದ್ರೆ?’

‘ಅಷ್ಟೇ ಅಕ್ಕಾ. ಅಲ್ಲಿಗೇ ಮುಗೀತು.’

ಅಕ್ಕ ಒಂದು ಕಣ್ಣು ತೆರೆದಳು. ‘ಇವತ್ತೂ ಮಲಗಿಬಿಟ್ಯಾ?’

‘ನಿಂತಿದ್ದೆ ಅಕ್ಕಾ. ಪೂರ್ತಿ ನಿಂತೇ ನೋಡಿದೆ. ಕಂಡಕ್ಟರನ್ನ ಕೇಳು ಬೇಕಾದ್ರೆ, ಅವನೂ ಬಂದಿದ್ದ.’

‘ಅವನನ್ನೇನು ಕೇಳೋದು, ಅವನು ನಿನ್ನ ಪಕ್ಷ. ಇಷ್ಟು ಜನ ಹುಲ್ಲಿನ ಮೇಲೆ ಎರಡು ಗಂಟೆ ಕೂತಿರ್ತಾರೆ, ಅವರಿಗೆ ಹೋದಳೋ ಇಲ್ಲವೋ ಅಂತಾನೂ ಹೇಳದೆ ಕಳಿಸ್ತಾರಾ? ಬೇಗ ಬಂದಿದ್ದೀಯ, ಅದೊಂದು ಒಪ್ಪಿದೆ. ಗುಡಿಸೋಳು ಬೇಗ ಎಬ್ಬಿಸಿರ್ಬೇಕು.’

ಪುಟ್ಟಿ ಆಣೆ ಇಟ್ಟಳು, ಸಿಟ್ಟಾದಳು, ಟ್ರಂಕಿನ ಮೇಲೆ ಕೂತು ಆ ತಾಯಿಯಂತೆಯೇ ಆಡಿ ತೋರಿಸಿದಳು. ಸುಳ್ಳು ಹೇಳಿದಾಗಲೆಲ್ಲ ತಲೆದೂಗಿದ್ದ ಅಕ್ಕ ಈ ಒಂದು ನಿಜವನ್ನು ನಂಬಲೇ ಇಲ್ಲ. ಹೋಗಲಿ ಬಿಡು ಎಂಬಂತೆ ತಂಗಿಯ ಊದಿದ ಪಾದದ ಮೇಲೆ ಕೈಯಿಟ್ಟು, ‘ಮಲಗು ಇನ್ನು’ ಎಂದಳು. ಚಳಿಗಾಲದವರೆಗೂ ಆಗಾಗ ಕೇಳುತ್ತಿದ್ದಳು: ‘ಈಗಲಾದ್ರೂ ಹೇಳೇ, ಆ ತಾಯಿ ಹೋದಳೋ ಇಲ್ಲವೋ?’ ಚಳಿ ಕಳೆಯುವ ಹೊತ್ತಿಗೆ ಕೇಳುವವಳಿರಲಿಲ್ಲ. ಹೋಗುವ ಹಿಂದಿನ ದಿನ ತಂಗಿಯನ್ನು ಹತ್ತಿರ ಕೂರಿಸಿಕೊಂಡೇ ಬಾಯಿ ತುಂಬ ನರಳಿದಳು. ಅಡಗಿಸಲಿಲ್ಲ.

ಬೇಸಿಗೆ ಬಂದಾಗ ಜೊತೆಗಾತಿ ಹೇಳಿದಳು: ‘ನಿನ್ನೊಬ್ಬಳಿಗೆ ಅರವತ್ತೆಂಟು ಮೆಟ್ಟಿಲು ಯಾಕೆ? ನನ್ನದು ನೆಲದ ಮೇಲಿನ ಕೋಣೆ. ಹೇಗೂ ದಿನವೆಲ್ಲ ಎದುರುಬದುರು ಇರ್ತೀವಿ, ಇನ್ನೊಂದಷ್ಟು ಹೊತ್ತು ಇದ್ರೆ ಸವೆದು ಹೋಗ್ತೀವಾ?’ ಪುಟ್ಟಿ ಒಪ್ಪಿದಳು. ಮಂಚ ದರ್ಜಿಯ ಮನೆಗೆ ಹೋಯಿತು. ಪಾತ್ರೆಗಳೂ ಅಕ್ಕನ ದಿಂಬೂ ಕೈಗಾಡಿಯಲ್ಲಿ ಮುಂದೆ ಹೋದವು. ಟ್ರಂಕನ್ನು ಒಯ್ಯಲು ಗಾಡಿಯವನು ಎರಡನೇ ಸಲ ಬರಬೇಕಿತ್ತು.

ಅವನು ಬರುವವರೆಗೆ ಅವಳು ಖಾಲಿ ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದಳು. ಮಂಚದ ಕಾಲುಗಳಿದ್ದ ಕಡೆ ನೆಲದಲ್ಲಿ ನಾಲ್ಕು ಗುರುತು. ಕಿಟಕಿಯಾಚೆ ಮರದ ತುದಿಗಳು. ಶನಿವಾರ, ಸಂಜೆ ಐದೂವರೆ. ಗಾಡಿಯವನು ಬಂದು ಟ್ರಂಕು ಕೇಳಿದ. ಅವಳು ಎದ್ದು ಕೊಟ್ಟಳು. ಅವನು ಅದನ್ನು ಗೋಡೆಗೆ ತಾಗಿಸುತ್ತ, ಬೈದುಕೊಳ್ಳುತ್ತ ಇಳಿಸಿಕೊಂಡು ಹೋದ. ನೀಲಿ ಅಂಚಿನ ಬಟ್ಟೆ ಮಾತ್ರ ಅವಳ ಕಂಕುಳಲ್ಲಿ ಉಳಿಯಿತು.

‘ಹೋದಳು ಅಕ್ಕಾ’ ಎಂದು ಗೋಡೆಯ ಕಡೆಗೆ ಹೇಳಿ, ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು.

ಕೆಳಗೆ ಕಂಡಕ್ಟರು ಬಾಗಿಲಲ್ಲೇ ಕೂತಿದ್ದ. ಬಟ್ಟೆ ನೋಡಿದ. ‘ಇವತ್ತೂ ನಾಟಕಕ್ಕಾ, ನಾಟಕದಮ್ಮಾ?’

‘ಇಲ್ಲಪ್ಪಾ, ನಿದ್ದೆಗೆ.’

ಅವನು ನಕ್ಕ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ‘ಎಬ್ಬಿಸೋರು ಯಾರು?’

‘ಗುಡಿಸೋಳು ಇದ್ದಾಳಲ್ಲ’ ಎಂದು ಹೇಳಿ, ಉಳಿದ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಇಳಿದು, ಪಾರ್ಕಿನ ಬೀದಿ ಹಿಡಿದಳು.