ಹಿಮ ನೋಡಲು ಹೊರಟ ಅಂಜಲ್ ಮೀನು

ಅಪ್ಪಟ ಸಸ್ಯಾಹಾರಿ, ಮೈಸೂರಿನ ಇಂಜಿನಿಯರ್ ಅನಂತರಾಮ ಸೌದಿ ಅರೇಬಿಯಾದ ಹಾಯಿಲ್‌ನ ಮೀನಿನಂಗಡಿಯಲ್ಲಿ ಕಾಲು ಜಾರಿ, ಮೊಣಕೈವರೆಗೆ ಬಂಗುಡೆ ಬುಟ್ಟಿಯೊಳಗೆ ಇಳಿದ. ತಪ್ಪು ನೆಲದ್ದಲ್ಲ, ಅವನ ಕಣ್ಣು ಮೊಬೈಲಿನ ಹವಾಮಾನ ವರದಿಯ ಮೇಲಿತ್ತು. 'ಉತ್ತರದಲ್ಲಿ ಎರಡು ದಿನ ಗುಡುಗು, ಮಳೆ. ಹಾಯಿಲ್‌ನ ಎತ್ತರದ ಗುಡ್ಡಗಳಲ್ಲಿ ಹಿಮ.'

"ಎಂತ ಸಾರ್, ಕರಿಬೇವು ಆಚೆ ಬದಿ ಉಂಟಲ್ಲ?" ಎಂದ ಅಂಗಡಿಯ ಮೊಯಿದಿನಬ್ಬ. ಜಿದ್ದಾದಿಂದ ಮೀನಿನ ಲಾರಿಯಲ್ಲಿ ಕರಿಬೇವು, ತೆಂಗಿನಕಾಯಿಯೂ ಬರುತ್ತಿದ್ದುದರಿಂದ ಅನಂತರಾಮನಂಥವರೂ ಮೂಗು ಹಿಡಿದು ಅಲ್ಲಿಗೆ ಬರಲೇಬೇಕಿತ್ತು.

ಮೊಯಿದಿನಬ್ಬನ ಬದುಕೆಲ್ಲ ಐಸಿನ ಮೇಲೆಯೇ ಕಳೆದಿತ್ತು. ಮಂಗಳೂರಿನ ಬಂದರು ದಕ್ಕೆಯಲ್ಲಿ ಐಸ್ ಹೊತ್ತ, ಜಿದ್ದಾದಲ್ಲಿ ಐಸ್ ಒಡೆದ, ಹಾಯಿಲ್‌ನಲ್ಲಿ ಐಸಿನ ಮೇಲೆ ಮೀನು ಜೋಡಿಸಿದ. ಅವನ ಕೈ ಕುಲುಕಿದವರು ಬೇಸಗೆಯಲ್ಲೂ ತಮ್ಮ ಕೈ ಉಜ್ಜಿಕೊಳ್ಳುತ್ತಿದ್ದರು. ಆದರೆ ಈಗ ಅಂಗಡಿಯಲ್ಲಿ ಐಸೇ ಇಲ್ಲ. ಹಿಂದಿನ ದಿನದ ಸಿಡಿಲಿಗೆ ಫ್ರೀಜರ್ ಸುಟ್ಟುಹೋಗಿತ್ತು. ಮರುದಿನ ಮಗಳು ಮಿಸ್ರಿಯಾಳ ನಿಖಾಹ್. ಊಟಕ್ಕೆಂದು ತರಿಸಿದ ಅಂಜಲ್ ಮೀನು ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಬೆವರುತ್ತಿತ್ತು.

"ಫ್ಯಾಕ್ಟರಿಯಿಂದ ಐಸ್ ತರಿಸ್ರೀ," ಎಂದ ಅನಂತರಾಮ, ಮೊಣಕೈ ಒರೆಸುತ್ತಾ.

"ಬೀಗ ಹಾಕಿದ್ದಾರೆ ಸಾರ್. ಐಸ್ ಫ್ಯಾಕ್ಟರಿಯ ಅರಬಿ ಮನೆಯವರನ್ನೆಲ್ಲ ಕಟ್ಟಿಕೊಂಡು ಹಿಮ ನೋಡ್ಲಿಕ್ಕೆ ಹೋಗಿದ್ದಾನೆ."

ಅದು ಆ ಊರಿನ ಪದ್ಧತಿ. ಆಕಾಶ ಕಪ್ಪಾದರೆ ಕರಾವಳಿಯವರು ಒಣಗಿಸಿದ ಬಟ್ಟೆ ಒಳಗೆ ತರುತ್ತಾರೆ. ಹಾಯಿಲ್‌ನವರು ಚಾಪೆ, ಚಹಾದ ಕೆಟಲ್ ಹೊರಗೆ ಒಯ್ಯುತ್ತಾರೆ.

"ನಾನೂ ಅಲ್ಲಿಗೇ ಹೊರಟಿದ್ದೀನಿ. ದಾರಿ ಗೊತ್ತಿಲ್ಲ," ಎಂದ ಅನಂತರಾಮ.

ಮೊಯಿದಿನಬ್ಬ ಒಂದು ಗಳಿಗೆ ಪೆಟ್ಟಿಗೆಗಳನ್ನು ನೋಡಿದ. "ನಿಮ್ಮ ಗಾಡಿಯ ಡಿಕ್ಕಿ ದೊಡ್ಡದಲ್ವಾ ಸಾರ್? ಯಲ್ಲಾ, ಹೊರಡುವ, ನಾನು ಬರ್ತೇನೆ."

ಕಾರಿನಲ್ಲಿ ಕಾದಿದ್ದ ಅನಂತರಾಮನ ಹೆಂಡತಿ ವಿಜಯಮ್ಮ, "ನಾಳೆ ಮಗಳ ಮದುವೆ ಇಟ್ಕೊಂಡು ಇವತ್ತು ಹಿಮ ನೋಡ್ತಾರಂತೆ, ಗಂಡಸರಿಗೆ ಏನು ಹೇಳೋದು!" ಎಂದು ಗೊಣಗಿದರು. ಸ್ವಲ್ಪ ಹೊತ್ತಿನಲ್ಲೇ ಹಿಂದೆ ಡಿಕ್ಕಿಯಲ್ಲಿಟ್ಟ ಪೆಟ್ಟಿಗೆಗಳಿಂದ ಮೀನಿನ ವಾಸನೆ ಬಂತು. ಆಮೇಲೆ ಅವರು ದಾರಿಯುದ್ದಕ್ಕೂ ಮಾತಾಡಲಿಲ್ಲ; ಮಾತಾಡಲು ಉಸಿರು ಬೇಕಲ್ಲ.

ಗುಡ್ಡ ಬೆಳ್ಳಗಾಗಿತ್ತು. ಅರಬರು ಉಣ್ಣೆಯ ನಿಲುವಂಗಿಯಲ್ಲಿ ಕುಣಿಯುತ್ತಿದ್ದರು, ಮಕ್ಕಳು ಹಿಮ ಎರಚುತ್ತಿದ್ದರು. ಅನಂತರಾಮ ಮಂಕಿ ಟೋಪಿ ಎಳೆದುಕೊಂಡು ಒಂದು ಬಂಡೆಯ ಮೇಲೆ ಕೈಚಾಚಿ ನಿಂತ, ಫೋಟೋಗೆ. ವಿಜಯಮ್ಮ ಫೋನ್ ಎತ್ತಿದರೆ, ಹಿನ್ನೆಲೆಯಲ್ಲಿ ಮೊಯಿದಿನಬ್ಬ ಸಲಿಕೆ ಹಿಡಿದು ಪೆಟ್ಟಿಗೆ ತುಂಬುತ್ತಿದ್ದ. ಒಂದು ಪದರ ಹಿಮ, ಒಂದು ಪದರ ಅಂಜಲ್. ಜನ ಹಿಮ ಬಿಟ್ಟು ಮೀನಿನ ಫೋಟೋ ತೆಗೆಯತೊಡಗಿದರು. ಐಸ್ ಫ್ಯಾಕ್ಟರಿಯ ಅರಬಿಯೇ ಬಂದು, ಏನೂ ಆಗಿಲ್ಲವೆಂಬಂತೆ ಮೊಯಿದಿನಬ್ಬನ ಕೈಗೊಂದು ಲೋಟ ಗಹ್ವಾ ಕಾಫಿ ಕೊಟ್ಟು, ಒಂದು ಪೆಟ್ಟಿಗೆಗೆ ತಾನೂ ಕೈ ಹಚ್ಚಿದ.

ಕೊನೆಯ ಮುಚ್ಚಳ ಬಿಗಿದಾಗ ಮೊಯಿದಿನಬ್ಬನ ಮುಖದಲ್ಲಿ ಮದುವೆ ಊಟ ಮುಗಿದಷ್ಟೇ ನೆಮ್ಮದಿ. ಅನಂತರಾಮ ಭಾವುಕನಾದ. "ಮೊದಲ ಸಲ ಆಕಾಶದಿಂದ ಬಿದ್ದ ಹಿಮ ಕೈಯಲ್ಲಿ ಹಿಡಿದಿದ್ದೀರಿ. ಏನನ್ನಿಸ್ತು, ಹೇಳ್ರೀ."

ಮೊಯಿದಿನಬ್ಬ ಒಂದು ಹಿಡಿ ಹಿಮ ಹಿಸುಕಿ ನೋಡಿದ.

"ಪುಡಿ ಐಸ್ ಸಾರ್. ಒಡೆಯುವ ಕೆಲಸ ತಪ್ಪಿತು."