ಅತ್ತೆ ಬೆಡ್‌ಶೀಟ್ ಮುಟ್ಟಿ ನೋಡಿದ ದಿನ

ನಾನು ಹೋಟೆಲ್‌ಗಳ ವಿಡಿಯೊ ಮಾಡಲು ಶುರುಮಾಡಿದ್ದು ಮಂತ್ರಾಲಯದ ಒಂದು ಲಾಡ್ಜಿನಿಂದ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ವಯಸ್ಸಾದವರು ಎಷ್ಟು ಮೆಟ್ಟಿಲು ಹತ್ತಬೇಕು, ಕಿಟಕಿಗೆ ಸೊಳ್ಳೆ ಪರದೆ ಇದೆಯೋ ಇಲ್ಲವೋ, ಇಷ್ಟನ್ನೇ ಹೇಳುತ್ತಿದ್ದೆ. ಅದೂ ಗಡಿಯಾಚೆಯ ಆದೋನಿಯ ನಮ್ಮ ಮನೆಯ ಕನ್ನಡದಲ್ಲಿ, ನಡುನಡುವೆ ತೆಲುಗು ಬೆರೆಸಿ. ಎರಡು ವರ್ಷದಲ್ಲಿ ಬಳ್ಳಾರಿ, ರಾಯಚೂರಿನವರೂ ಊರು ಬಿಡುವ ಮುನ್ನ ನನ್ನನ್ನು ಕೇಳತೊಡಗಿದರು. ಆಗ ಹೊಳೆದಂಡೆಯ ಒಂದು ದೊಡ್ಡ ರೆಸಾರ್ಟಿನಿಂದ ಕರೆ ಬಂತು. ಎರಡು ದಿನ ಪುಕ್ಕಟೆ ಇರಬಹುದು, ಜೊತೆಗೆ ಒಬ್ಬರನ್ನು ಕರೆತರಬಹುದು, ಬದಲಿಗೆ ಒಂದು ವಿಡಿಯೊ ಹಾಕಬೇಕು.

ಹತ್ತಿಯ ಸೀಸನ್ ಆದ್ದರಿಂದ ಗಂಡ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಅತ್ತೆಯನ್ನು ಕೇಳಿದೆ.

"ನಾ ಬಂದು ಅಲ್ಲಿ ಏನ್ ಮಾಡ್ಲಿ ತಂಗಿ?"

"ಉಣ್ರಿ, ಮಲಗ್ರಿ, ಹೊಳಿ ನೋಡ್ರಿ."

"ಹಂಗಾದ್ರ ಬರ್ತೀನಿ" ಎಂದವರೇ ಚೀಲ ತುಂಬಲು ಎದ್ದರು.

ಅತ್ತೆ ಹತ್ತಿ ವ್ಯಾಪಾರಿಯ ಮಗಳು, ಹತ್ತಿ ವ್ಯಾಪಾರಿಯ ಹೆಂಡತಿ. ಆಸ್ಪರಿ, ಹಾಲಹರವಿ ಕಡೆಯಿಂದ ಮಾಲು ಬಂದಾಗ ಮಾವ ಒಂದು ಹಿಡಿ ಹತ್ತಿ ಮನೆಗೆ ತಂದು ಅವರ ಕೈಗೆ ಕೊಡುತ್ತಿದ್ದರಂತೆ. ಅತ್ತೆ ಬೆರಳಲ್ಲಿ ಎಳೆ ಹಿಂಜಿ ನೋಡಿ ತೀರ್ಪು ಹೇಳಬೇಕು. ಮಾವ ಮಾರ್ಕೆಟ್ಟಿಗೆ ಹೋಗಿ ಅದನ್ನೇ ತಮ್ಮ ಮಾತಾಗಿ ಹೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರನ್ನು ಕೇಳುವವರೇ ಇರಲಿಲ್ಲ.

ರೆಸಾರ್ಟಿನ ಪ್ರಚಾರ ನೋಡಿಕೊಳ್ಳುವ ಹುಡುಗಿ ನಾನು ಹೇಳಬೇಕಾದ ಸಾಲುಗಳನ್ನೆಲ್ಲ ಬರೆದುಕೊಟ್ಟಿದ್ದಳು. ಅಲ್ಲಿಗೆ ಹೋದ ಮರುದಿನ ಬೆಳಿಗ್ಗೆ, ಅತ್ತೆಯ ಪೂಜೆ ಮುಗಿದ ಮೇಲೆ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಓದತೊಡಗಿದೆ. "ಇಲ್ಲಿಯ ಬೆಡ್‌ಶೀಟ್‌ಗಳೆಲ್ಲ ಶುದ್ಧ ಹತ್ತಿಯವು" ಎನ್ನುತ್ತಿದ್ದಂತೆ ಅತ್ತೆ ಕೈ ಎತ್ತಿದರು.

"ನಿಲ್ಲು. ಇದು ಪೂರಾ ಹತ್ತಿ ಅಲ್ಲ."

"ಅವರ ಬರದು ಕೊಟ್ಟಾರ್ರಿ ಅತ್ತಿ."

"ಬರದವರು ಮುಟ್ಟಿ ನೋಡಿಲ್ಲ."

ಬೆಡ್‌ಶೀಟಿನ ಅಂಚಿನಿಂದ ಒಂದು ದಾರ ಎಳೆದರು. ಪೂಜೆಯ ಚೀಲದಿಂದ ಬೆಂಕಿಪೊಟ್ಟಣ ತೆಗೆದು, ಹಿತ್ತಾಳೆ ತಟ್ಟೆಯ ಮೇಲೆ ಹಿಡಿದು ಸುಟ್ಟರು. ದಾರ ಕರಗಿ ಮುದುಡಿ ತುದಿಯಲ್ಲಿ ಗಟ್ಟಿ ಮಣಿಯಾಯಿತು. ತಮ್ಮ ಹಳೆಯ ನೂಲಿನ ಸೀರೆಯಿಂದ ಇನ್ನೊಂದು ಎಳೆ ಕಿತ್ತು ಸುಟ್ಟರು. ಅದು ಕಾಗದದಂತೆ ಉರಿದು ಬೂದಿಯಾಯಿತು. "ಹತ್ತಿ ಉರೀತೈತಿ, ಕರಗಂಗಿಲ್ಲ" ಎಂದರು. ಫೋನು ಎಲ್ಲವನ್ನೂ ಸೆರೆಹಿಡಿಯುತ್ತಲೇ ಇತ್ತು.

ಪ್ರಚಾರದ ಹುಡುಗಿಯನ್ನು ಕೋಣೆಗೆ ಕರೆಸಿ ಆ ಸಾಲು ಹೇಳುವುದಿಲ್ಲ ಎಂದು ತಿಳಿಸಿದೆ. ಅವಳ ಮುಖ ಬಿಗಿದುಕೊಂಡಿತು. "ಮೇಡಂ, ಒಂದು ಸಾಲಿಗೆ ಇಷ್ಟು ರಂಪ ಮಾಡಿದರೆ ಮುಂದೆ ಯಾವ ಹೋಟೆಲೂ ನಿಮ್ಮನ್ನು ಕರೆಯುವುದಿಲ್ಲ."

ಅತ್ತೆ ಶಾಂತವಾಗಿ ಹೇಳಿದರು, "ಮಾಲಕರನ್ನ ಕರೀರಿ."

ಬಂದವರು ನಡುವಯಸ್ಸಿನ ಹೆಂಗಸು. ಅತ್ತೆ ದಾರವನ್ನೂ ಬೆಂಕಿಪೊಟ್ಟಣವನ್ನೂ ಅವರ ಕೈಗೇ ಇಟ್ಟರು. "ನೀವ ಸುಟ್ಟು ನೋಡ್ರಿ." ಅವರು ಸುಟ್ಟು, ಆರಿದ ಮಣಿಯನ್ನು ಉಗುರಿನಿಂದ ಒತ್ತಿ ನೋಡಿದರು. "ಶುದ್ಧ ಹತ್ತಿ ಅಂತಲೇ ನನಗೆ ಮಾರಿದ್ದು" ಎಂದು, ಬಟ್ಟೆ ಇಡುವ ಕೋಣೆಯ ಬಾಗಿಲು ತೆಗೆಸಿದರು. ಅತ್ತೆ ನೆಲದ ಮೇಲೆ ಕೂತು ಒಂದೊಂದನ್ನೇ ಹೆಬ್ಬೆರಳಲ್ಲಿ ಉಜ್ಜುತ್ತ ಎರಡು ಗುಡ್ಡೆ ಮಾಡಿದರು. ಬೆರಕೆಯ ಗುಡ್ಡೆ ದೊಡ್ಡದು, ಹತ್ತಿಯದು ತೀರ ಚಿಕ್ಕದು. ಮಾಲಕಿ, ಪ್ರಚಾರದ ಹುಡುಗಿ, ಕೆಲಸದವರೆಲ್ಲ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದರು. ಅತ್ತೆಯ ತೀರ್ಪನ್ನು ಅವರದೇ ಬಾಯಿಂದ ಇಷ್ಟು ಜನ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು.

"ಒಳ್ಳೆಯದು ಎಲ್ಲಿ ಸಿಗುತ್ತದಮ್ಮ?" ಎಂದರು ಮಾಲಕಿ.

"ನಮ್ಮ ಎಮ್ಮಿಗನೂರಾಗ ಐತಿ. ಮಗ್ಗದ್ದು. ನಾನ ತೋರಸ್ತೀನಿ ಬರ್ರಿ."

ಹದಿನೈದು ದಿನಕ್ಕೆ ಮಾಲಕಿ ನಿಜಕ್ಕೂ ಬಂದರು. ನೇಕಾರರ ಅಂಗಡಿಯಲ್ಲಿ ಅತ್ತೆಯೇ ಮುಂದೆ ಕೂತು, "ಇದು ಬ್ಯಾಡ, ಆ ಥಾನು ಬಿಚ್ರಿ" ಎಂದು ಒಂದೊಂದನ್ನೇ ಆರಿಸಿದರು. ಹಿರಿಯ ನೇಕಾರರೊಬ್ಬರು "ಅಮ್ಮಗಾರಿಕಿ ಅಂತಾ ತೆಲುಸು" ಎಂದರು. ಅಮ್ಮನವರಿಗೆ ಎಲ್ಲ ಗೊತ್ತು ಎಂದು. ಅತ್ತೆ ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು.

ಮಾಲಕಿಯ ಒಪ್ಪಿಗೆ ಪಡೆದು ವಿಡಿಯೊ ಹಾಕಿದೆ. ದಾರ ಸುಟ್ಟಿದ್ದು, ಅವರು ತಪ್ಪು ಒಪ್ಪಿಕೊಂಡು ಬೆಡ್‌ಶೀಟ್ ಬದಲಿಸಿದ್ದು, ಹೊಳೆಯ ಚೆಲುವು, ಎಲ್ಲವೂ ಅದರಲ್ಲಿತ್ತು. ಊರೂರಿನ ಹೆಂಗಸರು ತಮ್ಮ ಮನೆಯ ದಾರ ಸುಟ್ಟು ಫೋಟೊ ಕಳಿಸಿ "ಅತ್ತಿಗೆ ತೋರಸ್ರಿ" ಎಂದು ಬರೆದರು. ಹೋಟೆಲ್‌ಗಳ ಕರೆ ನಿಲ್ಲಲಿಲ್ಲ, ಹೆಚ್ಚಾಯಿತು. ಕಡಲ ದಂಡೆಯ ಒಂದು ಹೋಟೆಲಿನವರು ಫೋನ್ ಮಾಡಿದಾಗ ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಬರ್ತೀವ್ರಿ. ಆದ್ರ ಏನೂ ಬರದು ಕೊಡಬ್ಯಾಡ್ರಿ. ನೋಡಿ ನಾವ ಹೇಳ್ತೀವಿ."

ಅವರು ಒಪ್ಪಿದರು. ಅತ್ತೆ ಸಮುದ್ರ ನೋಡಿದ್ದು ಅದೇ ಮೊದಲು. ಕೋಣೆಗೂ ಹೋಗದೆ ನೆರಿಗೆ ಎತ್ತಿಕೊಂಡು ನೇರ ನೀರಿಗಿಳಿದರು. ಅಲೆಯೊಂದು ಮೊಣಕಾಲಿಗೆ ಬಡಿದಾಗ ಅವರು ನಕ್ಕ ನಗೆ ದಂಡೆಯವರೆಗೂ ಕೇಳಿಸಿತು.